ಇಂಜೆಕ್ಟರ್ ರಿಟರ್ನ್ ಅಳೆಯುವ ಕಿಟ್: ಹೊಗೆಯುಗುಳುತ್ತಿದ್ದ ಹಳೆಯ ಡೀಸೆಲ್ ಕಾರಿನ ಮೇಲೆ ಎಂಟು ತಿಂಗಳ ಬಳಕೆ

ನಾನಿಲ್ಲಿ ಬರೆಯುತ್ತಿರುವುದು ನೋಡಲು ಆಟದ ಸಾಮಾನಿನಂತಿರುವ ಒಂದು ಉಪಕರಣದ ಬಗ್ಗೆ. ತಗಡಿನ ಪಟ್ಟಿಗೆ ಸಿಕ್ಕಿಸಿದ ನಾಲ್ಕು ಪ್ಲಾಸ್ಟಿಕ್ ಅಳತೆ ನಳಿಕೆಗಳು, ಅದನ್ನು ಬಾನೆಟ್ಟಿಗೆ ನೇತುಹಾಕಲು ಒಂದು ಕೊಕ್ಕೆ, ನಾಲ್ಕು ಸಣ್ಣ ಪಾರದರ್ಶಕ ಹೋಸ್‌ಗಳು, ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಬೇರೆ ಬೇರೆ ಬಗೆಯ ಇಂಜೆಕ್ಟರ್‌ಗಳ ತಲೆಗೆ ಕೂರುವ ಹದಿನೈದಿಪ್ಪತ್ತು ಅಡಾಪ್ಟರ್‌ಗಳು, ಇಷ್ಟೇ ಪೆಟ್ಟಿಗೆಯೊಳಗಿನ ಸಾಮಾನು. ಬ್ಯಾಟರಿ ಇಲ್ಲ, ಪರದೆ ಇಲ್ಲ, ಪೆಟ್ಟಿಗೆಯ ಮೇಲೆ ಹೇಳಿಕೊಳ್ಳುವಂಥ ಹೆಸರೂ ಇಲ್ಲ. ಕಾಮನ್ ರೈಲ್ ಡೀಸೆಲ್ ಇಂಜಿನ್ನಿನ (ಎಂದರೆ, ಪಂಪ್ ಕೊಟ್ಟ ಹೆಚ್ಚು ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹೋಗುವ ಇಂಜಿನ್ನಿನ) ಒಂದೊಂದು ಇಂಜೆಕ್ಟರ್‌ನಿಂದಲೂ ರಿಟರ್ನ್ ಪೈಪಿನ ಮೂಲಕ ಎಷ್ಟು ಡೀಸೆಲ್ ಹಿಂದಕ್ಕೆ ಹೋಗುತ್ತಿದೆ ಎಂಬುದನ್ನು ಅಳೆಯುವುದೊಂದೇ ಇದರ ಕೆಲಸ. ಆ ಒಂದು ಕೆಲಸವನ್ನು ಇದು ಎಷ್ಟು ಚೆನ್ನಾಗಿ ಮಾಡಿತು, ಎಲ್ಲಿ ನನ್ನನ್ನು ಅರ್ಧ ದಾರಿಯಲ್ಲಿ ಬಿಟ್ಟಿತು ಎಂಬುದನ್ನು ಹೇಳಬೇಕಾದರೆ ಮೊದಲು ಕಾರಿನ ಸ್ಥಿತಿಯನ್ನು ಹೇಳಬೇಕಾಗುತ್ತದೆ.

ಕಾರಿಗೆ 14 ವರ್ಷ. ಓಡಿರುವುದು 2,10,000 ಕಿಲೋಮೀಟರ್. 2 ಲೀಟರ್‌ನ, ನಾಲ್ಕು ಸಿಲಿಂಡರ್‌ನ, ಸೊಲೆನಾಯ್ಡ್ (ವಿದ್ಯುತ್ತಿನಿಂದ ಕೆಲಸ ಮಾಡುವ ಅಯಸ್ಕಾಂತ ಸುರುಳಿ) ಇಂಜೆಕ್ಟರ್‌ಗಳಿರುವ ಕಾಮನ್ ರೈಲ್ ಇಂಜಿನ್. ಸುಮಾರು ಆರು ತಿಂಗಳ ಅವಧಿಯಲ್ಲಿ ತೊಂದರೆ ಒಂದೊಂದಾಗಿ ಮೈದೋರಿತು. ಮೊದಲು, ಬೆಳಗಿನ ಹೊತ್ತು ಸೆಲ್ಫ್ ಹೆಚ್ಚು ಹೊತ್ತು ಹೊಡೆಯಬೇಕಾಯಿತು. ಆಮೇಲೆ, ಸ್ಟಾರ್ಟ್ ಆದ ಕೂಡಲೇ ಬೂದು ಬೆರೆತ ಬಿಳಿ ಹೊಗೆ ಬರತೊಡಗಿತು. ಅದರಲ್ಲಿ ಕಣ್ಣುರಿಸುವ ಹಸಿ ಡೀಸೆಲ್ ವಾಸನೆ ಇರುತ್ತಿತ್ತು. ಕೊನೆಗೆ ಇಂಜಿನ್ ಬಿಸಿಯಾದ ಮೇಲೂ ನಿಂತಲ್ಲೇ ನಡುಗುವುದು ಶುರುವಾಯಿತು: ಗೇರ್ ಲಿವರ್‌ನ ಬಳಿಯ ಗುಂಡಿಯಲ್ಲಿಟ್ಟಿದ್ದ ನಾಣ್ಯಗಳು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಒಂದೇ ಲಯದಲ್ಲಿ ಕಿಣಿಕಿಣಿ ಎನ್ನುತ್ತಿದ್ದವು, ಒಳಗಿನ ಕನ್ನಡಿಯಲ್ಲಿ ಹಿಂದಿನ ವಾಹನ ಎರಡಾಗಿ ಕಾಣುತ್ತಿತ್ತು. ಆ ಲಯಕ್ಕೂ ಅರ್ಥವಿದೆ. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದು ಸಿಲಿಂಡರ್ ಉರಿಯುವುದು 400 ಬಾರಿ, ಎಂದರೆ ಸೆಕೆಂಡಿಗೆ ಆರೇಳು ಬಾರಿ. ನಡುಕ ಎಣಿಸಬಹುದಾದಷ್ಟು ನಿಧಾನವಾಗಿದ್ದು ಒಂದೇ ಸಮನೆ ಬರುತ್ತಿದ್ದರೆ, ಯಾವುದೋ ಒಂದು ಸಿಲಿಂಡರ್ ಉಳಿದವುಗಳ ಜತೆ ಹೆಜ್ಜೆ ಹಾಕುತ್ತಿಲ್ಲ ಎಂದೇ ಊಹಿಸಬಹುದು.

ಕಾರನ್ನು ತೋರಿಸಿದ ಮೊದಲ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಸಿಕ್ಕಿಸಿ, ಪಿ 0087 ಎಂಬ ಸಂಕೇತವನ್ನು ಓದಿ, ಹತ್ತು ನಿಮಿಷದೊಳಗೆ ತೀರ್ಪು ಕೊಟ್ಟರು: ನಾಲ್ಕೂ ಇಂಜೆಕ್ಟರ್ ಹೋಗಿವೆ, ಹೈ ಪ್ರೆಶರ್ ಪಂಪೂ ಹೋಗಿದೆ, ಎಲ್ಲವನ್ನೂ ಬದಲಿಸಬೇಕು. ಪಿ 0087 ಹೇಳುವುದು ರೈಲ್‌ನಲ್ಲಿ ಒತ್ತಡ ಬೇಕಾದಷ್ಟಿಲ್ಲ ಎಂಬುದನ್ನು ಮಾತ್ರ. ಒತ್ತಡ ಏಕಿಲ್ಲ ಎಂಬುದು ಆ ಸಂಕೇತದಲ್ಲಿರುವುದಿಲ್ಲ. ಟ್ಯಾಂಕಿನಿಂದ ಡೀಸೆಲ್ ಸರಿಯಾಗಿ ಬಾರದಿರಬಹುದು, ಫಿಲ್ಟರ್ ಕಟ್ಟಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು, ಪಂಪ್ ಸವೆದಿರಬಹುದು, ಒತ್ತಡ ನಿಯಂತ್ರಿಸುವ ವಾಲ್ವ್ ಕೆಟ್ಟಿರಬಹುದು, ಅಥವಾ ಪಂಪ್ ಕೊಟ್ಟದ್ದನ್ನೆಲ್ಲ ಯಾವುದೋ ಇಂಜೆಕ್ಟರ್ ರಿಟರ್ನ್ ಪೈಪಿಗೆ ಸುರಿಯುತ್ತಿರಬಹುದು. ಇವುಗಳಲ್ಲಿ ಯಾವುದು ಎಂದು ಕೇಳಿದ್ದಕ್ಕೆ ಅಲ್ಲಿ ಉತ್ತರ ಬರಲಿಲ್ಲ. ಕಾರನ್ನು ವಾಪಸ್ ತಂದು ಈ ಕಿಟ್ ತರಿಸಿಕೊಂಡೆ. ಜತೆಗೆ ಇಂಜಿನ್ನಿನ ಆ ಕ್ಷಣದ ಅಂಕಿಗಳನ್ನು, ಎಂದರೆ ಲೈವ್ ಡೇಟಾ, ತೋರಿಸುವ ಒಂದು ಸಾಧಾರಣ ಸ್ಕ್ಯಾನರನ್ನೂ, ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಾಟಲಿಗಳೆರಡನ್ನೂ ಕೊಂಡೆ. ಆ ಬಾಟಲಿಗಳ ಕಥೆಯೂ ಮುಂದೆ ಬರುತ್ತದೆ.

ಕಿಟ್ಟಿಗೆ ಕೈಹಾಕುವ ಮುನ್ನ ಸುಲಭದ ಸಂಗತಿಗಳನ್ನು ಮುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಅಳತೆ ಸರಿಯಿದ್ದರೂ ಅರ್ಥ ತಪ್ಪಾಗುತ್ತದೆ. ಏರ್ ಫಿಲ್ಟರ್ ಬದಲಿಸಿದೆ, ಡೀಸೆಲ್ ಫಿಲ್ಟರ್ ಬದಲಿಸಿ ಅದರ ತಳದ ನೀರನ್ನು ಬಸಿದೆ, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್‌ಗಳ ಜೋಡಣೆಯಲ್ಲಿ ಎಣ್ಣೆ ಒಸರಿದ ಗುರುತಿದೆಯೇ ಎಂದು ನೋಡಿದೆ. ಬಳಿಕ, ತಣ್ಣನೆಯ ಸಿಲಿಂಡರನ್ನು ಬಿಸಿಮಾಡಿ ಸ್ಟಾರ್ಟ್ ಆಗಲು ನೆರವಾಗುವ ಹೀಟರ್ ಪ್ಲಗ್‌ಗಳು. ಮಲ್ಟಿಮೀಟರಿನಲ್ಲಿ ಅಳೆದಾಗ ಒಂದನೆಯದೂ ನಾಲ್ಕನೆಯದೂ ಒಂದು ಓಮ್‌ನ ಆಸುಪಾಸು ತೋರಿಸಿದವು; ನಡುವಿನ ಎರಡರಲ್ಲಿ ವಿದ್ಯುತ್ ಹರಿಯುತ್ತಲೇ ಇರಲಿಲ್ಲ. ಎರಡು ಪ್ಲಗ್ ಸತ್ತಿದ್ದರೆ ತಣ್ಣನೆಯ ಬೆಳಗಿನಲ್ಲಿ ಎರಡು ಸಿಲಿಂಡರ್‌ಗಳು ಕೇವಲ ಸಂಕೋಚನದ ಶಾಖವನ್ನೇ ನಂಬಿ ಉರಿಯಬೇಕು, ಉರಿಯದ ಡೀಸೆಲ್ ಸಣ್ಣ ಹನಿಗಳಾಗಿ ಸೈಲೆನ್ಸರ್‌ನಿಂದ ಬಿಳಿ ಹೊಗೆಯ ರೂಪದಲ್ಲಿ ಹೊರಬೀಳುತ್ತದೆ. ಈ ಪ್ಲಗ್‌ಗಳನ್ನು ಬಿಚ್ಚುವುದು ಎದೆಗಾರಿಕೆಯ ಕೆಲಸ. ಹಳೆಯ ಪ್ಲಗ್ ಸಿಲಿಂಡರ್ ಹೆಡ್ಡಿನೊಳಗೆ ಮಸಿ ಹಿಡಿದು ಕಚ್ಚಿಕೊಂಡಿರುತ್ತದೆ. ಬಲ ಹಾಕಿದರೆ ಕುತ್ತಿಗೆಯಲ್ಲಿ ಮುರಿದು, ಅರ್ಧ ಕೈಗೆ ಬಂದು ಅರ್ಧ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟು, ಇಂಜಿನ್ ಬಿಸಿಯಿರುವಾಗ ಸ್ವಲ್ಪ ಸಡಿಲಿಸಿ ಸ್ವಲ್ಪ ಬಿಗಿದು, ಹಿಂದೆ ಮುಂದೆ ಆಡಿಸುತ್ತ ತೆಗೆಯಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಹೊಸ ಪ್ಲಗ್ ಹಾಕಿದ ಮೇಲೆ ಬೆಳಗಿನ ಬಿಳಿ ಹೊಗೆ ಅರ್ಧಕ್ಕೂ ಕಡಿಮೆಯಾಯಿತು. ಆದರೆ ಸೆಲ್ಫ್ ಹೊಡೆಯುವ ಹೊತ್ತು ಹಾಗೇ ಉಳಿಯಿತು, ನಡುಕವೂ ಉಳಿಯಿತು, ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುವ ಕಪ್ಪು ಹೊಗೆಯಂತೂ ಒಂದಿಷ್ಟೂ ಬದಲಾಗಲಿಲ್ಲ. ಹೊಗೆಯ ಬಣ್ಣವನ್ನು ನೋಡಿ ರೋಗ ಹೇಳುವ ರೂಢಿ ಹಳೆಯದು, ಮತ್ತು ಬಹುಮಟ್ಟಿಗೆ ಸರಿಯಾದದ್ದು: ಬಿಳಿಯೆಂದರೆ ಉರಿಯದ ಡೀಸೆಲ್ ಅಥವಾ ಕೂಲೆಂಟ್‌ನ ಆವಿ, ನೀಲಿಯೆಂದರೆ ಇಂಜಿನ್ ಆಯಿಲ್, ಕಪ್ಪೆಂದರೆ ಗಾಳಿಗೆ ಹೋಲಿಸಿದರೆ ಡೀಸೆಲ್ ಹೆಚ್ಚು. ಆದರೆ ಹಳೆಯ ಕಾರಿನಲ್ಲಿ ಒಂದೇ ರೋಗ ಇರುತ್ತದೆಂಬ ಭರವಸೆ ಇಲ್ಲ. ಬಿಳಿ ಹೊಗೆಗೆ ಒಂದು ಕಾರಣ, ಕಪ್ಪಿಗೆ ಇನ್ನೊಂದು, ತಡವಾಗಿ ಸ್ಟಾರ್ಟ್ ಆಗುವುದಕ್ಕೆ ಮತ್ತೊಂದು ಇರಬಹುದು. ನನ್ನ ಕಾರಿನಲ್ಲಿ ಇದ್ದದ್ದು ಹಾಗೆಯೇ.

ಈಗ ಕಿಟ್ ಯಾವ ತತ್ತ್ವದ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ಜತೆಗೆ ಬರುವ ಒಂದು ಹಾಳೆಯ ಸೂಚನೆಯಲ್ಲಿ ಅದರ ಸುಳಿವೇ ಇಲ್ಲ. ಸೊಲೆನಾಯ್ಡ್ ಇಂಜೆಕ್ಟರ್‌ನಲ್ಲಿ ವಿದ್ಯುತ್ತು ನೇರವಾಗಿ, ಡೀಸೆಲ್ ಸಿಂಪಡಿಸುವ ತುದಿಯಾದ ನಾಜಲ್‌ನ ಸೂಜಿಯನ್ನು ಎತ್ತುವುದಿಲ್ಲ. ರೈಲ್‌ನ ಒತ್ತಡದ ಎದುರು ಅದಕ್ಕೆ ಅಷ್ಟು ಬಲವಿಲ್ಲ. ಸೂಜಿಯ ಮೇಲಿರುವ ಪುಟ್ಟ ಕೋಣೆಯಲ್ಲೂ ಅದೇ ಒತ್ತಡದ ಡೀಸೆಲ್ ತುಂಬಿಕೊಂಡು ಸೂಜಿಯನ್ನು ಕೆಳಗೆ ಅದುಮಿರುತ್ತದೆ. ಸೊಲೆನಾಯ್ಡ್ ಆ ಕೋಣೆಯ ಬಾಯಿಗೆ ಕೂತಿರುವ ಸಾಸಿವೆ ಕಾಳಿನಂಥ ಗುಂಡನ್ನು ಬಿಡುಗಡೆ ಮಾಡುತ್ತದೆ, ಕೋಣೆಯ ಡೀಸೆಲ್ ರಿಟರ್ನ್ ಪೈಪಿಗೆ ಹರಿಯುತ್ತದೆ, ಮೇಲಿನ ಒತ್ತಡ ಬಿದ್ದಾಗ ಕೆಳಗಿನ ಒತ್ತಡವೇ ಸೂಜಿಯನ್ನು ಎತ್ತುತ್ತದೆ. ಹೀಗಾಗಿ ಒಳ್ಳೆಯ ಇಂಜೆಕ್ಟರ್ ಕೂಡ ಸ್ವಲ್ಪ ಡೀಸೆಲನ್ನು ಹಿಂದಕ್ಕೆ ಕಳಿಸಿಯೇ ಕಳಿಸುತ್ತದೆ. ಆದರೆ ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೆ ಗುಂಡು ಕೂರುವ ಜಾಗ ಸವೆದರೆ, ಮುಚ್ಚಿರಬೇಕಾದ ಹೊತ್ತಿನಲ್ಲೂ ಅಲ್ಲಿಂದ ಸೋರುತ್ತದೆ. ಸೆಲ್ಫ್ ಹೊಡೆಯುವಾಗ ಪಂಪ್ ನಿಧಾನವಾಗಿ ತಿರುಗುತ್ತದೆ, ಅದು ಕೊಡುವ ಡೀಸೆಲ್‌ನ ಪ್ರಮಾಣವೂ ಅಲ್ಪ. ಆ ಅಲ್ಪವೂ ಒಂದೇ ಇಂಜೆಕ್ಟರ್‌ನ ಮೂಲಕ ಸೋರಿಹೋದರೆ ರೈಲ್‌ನಲ್ಲಿ ಒತ್ತಡ ಏರುವುದೇ ಇಲ್ಲ. ನನ್ನ ಕಾರಿನ ಲೈವ್ ಡೇಟಾದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು: ಇಂಜಿನ್ ಹಿಡಿಯಲು ಸುಮಾರು 200 ಬಾರ್ (ಒತ್ತಡದ ಅಳತೆ) ಬೇಕಾದಲ್ಲಿ, ಮುಳ್ಳು 130ರ ಬಳಿ ಆರೇಳು ಸೆಕೆಂಡ್ ತೂಗಾಡಿ ಆಮೇಲೆ ಮೇಲೇರುತ್ತಿತ್ತು.

ಮೊದಲ ದಿನದ ಪರೀಕ್ಷೆ ಹಾಳಾಯಿತು, ತಪ್ಪು ಅರ್ಧ ನನ್ನದು, ಅರ್ಧ ಕಿಟ್ಟಿನದು. ಇಂಜೆಕ್ಟರ್ ತಲೆಯಿಂದ ರಿಟರ್ನ್ ಕೊಂಡಿಗಳನ್ನು ಕಿತ್ತು ಅಲ್ಲಿ ಕಿಟ್‌ನ ಅಡಾಪ್ಟರ್‌ಗಳನ್ನು ಕೂರಿಸಬೇಕು. ನಾಲ್ಕನೆಯದು ಕೂತಂತೆ ಕಂಡಿತೇ ಹೊರತು ಕೂತಿರಲಿಲ್ಲ. ಅದರ ರಬ್ಬರ್ ರಿಂಗ್ ಮಡಚಿಕೊಂಡಿತ್ತು. ಇಂಜಿನ್ ಸ್ಟಾರ್ಟ್ ಮಾಡಿದಾಗ ಆ ನಳಿಕೆ ಖಾಲಿಯೇ ಉಳಿಯಿತು, ಡೀಸೆಲ್ ಮಾತ್ರ ಇಂಜಿನ್ನಿನ ಮೇಲೆ ಹರಡಿತು. ಖಾಲಿ ನಳಿಕೆಯನ್ನು ನೋಡಿ ನಾಲ್ಕನೆಯ ಇಂಜೆಕ್ಟರ್ ಅತ್ಯುತ್ತಮವಾಗಿದೆ ಎಂದು ಒಂದು ಕ್ಷಣ ಹಿಗ್ಗಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಇನ್ನೊಂದು ಕೊರತೆ: ಕಿತ್ತ ರಿಟರ್ನ್ ಪೈಪಿನ ತೆರೆದ ತುದಿಯನ್ನು ಮುಚ್ಚಲು ಕಿಟ್‌ನಲ್ಲಿ ಏನೂ ಇಲ್ಲ. ಪಂಪಿನ ರಿಟರ್ನ್ ಕೂಡ ಅದೇ ಪೈಪಿಗೆ ಸೇರುವ ಇಂಜಿನ್ನುಗಳಲ್ಲಿ ಆ ತುದಿಯಿಂದ ಡೀಸೆಲ್ ಚಿಮ್ಮುತ್ತದೆ. ಸರಿಯಾದ ದಪ್ಪದ ಒಂದು ಬೋಲ್ಟನ್ನು ತುರುಕಿ ಕ್ಲಿಪ್ ಬಿಗಿದು ನಾನು ಕೆಲಸ ಸಾಗಿಸಿದೆ. ಇದನ್ನು ತಯಾರಕರೇ ಕೊಡಬೇಕಿತ್ತು.

ಎರಡನೆಯ ದಿನ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಹೋಸ್‌ಗಳೊಳಗಿನ ಗಾಳಿ ಹೋಗುವವರೆಗೆ ಒಂದು ನಿಮಿಷ ಓಡಿಸಿ, ನಳಿಕೆಗಳನ್ನು ಖಾಲಿ ಮಾಡಿ, ಮತ್ತೆ ಸರಿಯಾಗಿ ಮೂರು ನಿಮಿಷ, ಆಕ್ಸಿಲರೇಟರ್ ಒತ್ತದೆ, ಐಡಲ್‌ನಲ್ಲಿ ಬಿಟ್ಟೆ. ಒಂದನೆಯ ನಳಿಕೆಯಲ್ಲಿ 17 ಮಿಲಿಲೀಟರ್, ಎರಡನೆಯದರಲ್ಲಿ 19, ನಾಲ್ಕನೆಯದರಲ್ಲಿ 18. ಮೂರನೆಯದರಲ್ಲಿ ಮಾತ್ರ 58. ಉಳಿದ ಮೂರರಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿದ್ದರೆ ಮೂರನೆಯ ಹೋಸ್‌ನಲ್ಲಿ ಅದು ಸಣ್ಣ ಧಾರೆಯಾಗಿ ಇಳಿಯುವುದು ಅಳತೆ ನೋಡುವ ಮುಂಚೆಯೇ ಕಾಣುತ್ತಿತ್ತು. ಇಂಜಿನ್ ತಯಾರಕರ ಮಿತಿ ಕೈಯಲ್ಲಿದ್ದರೆ ಅದನ್ನೇ ನಂಬಬೇಕು. ಇಲ್ಲದಿದ್ದಾಗ, ಎಲ್ಲಕ್ಕಿಂತ ಕಡಿಮೆ ಬಂದದ್ದರ ಮೂರು ಪಟ್ಟನ್ನು ಯಾವುದಾದರೂ ಮೀರಿದರೆ ಅದು ಕೆಟ್ಟಿದೆ ಎಂಬ ಅಂದಾಜು ರೂಢಿಯಲ್ಲಿದೆ. ಇದು ಮೀರಿತ್ತು.

ಅಳತೆಯ ಮೇಲೆ ಇಷ್ಟು ಭಾರ ಹೊರಿಸುವ ಮುನ್ನ ಅಳತೆಗೋಲನ್ನೇ ಅಳೆಯಬೇಕೆನ್ನಿಸಿತು. ಔಷಧಿಯ ಸಿರಿಂಜಿನಿಂದ ನಾಲ್ಕೂ ನಳಿಕೆಗಳಿಗೆ ತಲಾ 50 ಮಿಲಿಲೀಟರ್ ನೀರು ಹಾಕಿ ನೋಡಿದೆ. ಮೂರರಲ್ಲಿ ನೀರು 50ರ ಗೆರೆಗೆ ತಕ್ಕಮಟ್ಟಿಗೆ ನಿಂತಿತು. ಮೂರನೆಯದರಲ್ಲಿ 46ಕ್ಕೆ ನಿಂತಿತು. ಗೆರೆಗಳನ್ನು ಅಚ್ಚು ಹಾಕುವಾಗ ಮೇಲಕ್ಕೆ ಜರುಗಿಸಿದ್ದಾರೆ ಎಂಬುದು ನಾಲ್ಕನ್ನೂ ಸಾಲಾಗಿ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ. ನಳಿಕೆಗಳನ್ನು ಅದಲು ಬದಲು ಮಾಡಿ ಮತ್ತೆ ಪರೀಕ್ಷಿಸಿದಾಗ ಮೂರನೆಯ ಇಂಜೆಕ್ಟರ್‌ನ ನಿಜವಾದ ಅಳತೆ 62 ಎಂದು ತಿಳಿಯಿತು. ನನ್ನ ಮಟ್ಟಿಗೆ ಇದರಿಂದ ತೀರ್ಮಾನ ಬದಲಾಗಲಿಲ್ಲ, ಆದರೆ ಮಿತಿಯ ಅಂಚಿನಲ್ಲಿರುವ ಇಂಜೆಕ್ಟರ್ ಆಗಿದ್ದರೆ ಬದಲಾಗುತ್ತಿತ್ತು. ಈ ಕಿಟ್ ಕೊಂಡವರು ಮೊದಲು ಈ ಐದು ನಿಮಿಷದ ಕೆಲಸವನ್ನು ಮಾಡಿಕೊಂಡು, ತಪ್ಪಿರುವ ನಳಿಕೆಯ ಮೇಲೆ ಮಾರ್ಕರ್‌ನಿಂದ ಹೊಸ ಗೆರೆ ಎಳೆದುಕೊಳ್ಳುವುದು ಒಳ್ಳೆಯದು.

ಬಾಟಲಿಗಳ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಇಂಜೆಕ್ಟರ್ ಬಿಚ್ಚುವ ಮೊದಲು ಕ್ಲೀನರ್‌ಗೆ ಒಂದು ಅವಕಾಶ ಕೊಡೋಣವೆಂದು ಎರಡು ಟ್ಯಾಂಕ್ ಡೀಸೆಲ್‌ಗೆ ಎರಡು ಬಾಟಲಿ ಸುರಿದು, ಸುಮಾರು ಸಾವಿರದ ಇನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆದೆ. 62 ಇದ್ದದ್ದು 61 ಆಗಿತ್ತು. ನಾಜಲ್‌ನ ರಂಧ್ರಗಳಲ್ಲಿ ಕಟ್ಟಿರುವ ಜಿಡ್ಡನ್ನು ಕರಗಿಸುವ ಶಕ್ತಿ ಇಂಥ ದ್ರವಗಳಿಗೆ ಇರಬಹುದು. ಸವೆದ ಲೋಹವನ್ನು ಅವು ಮತ್ತೆ ಬೆಳೆಸಲಾರವು. ಕಿಟ್ ಇಲ್ಲದಿದ್ದರೆ ಕಾರು ಸ್ವಲ್ಪ ಮೆತ್ತಗೆ ಓಡುತ್ತಿದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡು ಮೂರನೆಯ ಬಾಟಲಿ ಕೊಳ್ಳುತ್ತಿದ್ದೆನೇನೋ.

ಮೂರನೆಯ ಇಂಜೆಕ್ಟರನ್ನು ತೆಗೆದು, ಇಂಜೆಕ್ಟರ್‌ಗಳನ್ನು ಬೆಂಚಿನ ಮೇಲೆ ಪರೀಕ್ಷಿಸುವ ಒಂದು ಕಡೆ ಕೊಟ್ಟೆ. ಅಲ್ಲಿಯ ಯಂತ್ರವೂ ಸೋರಿಕೆಯನ್ನೇ ತೋರಿಸಿತು, ವಾಲ್ವ್ ಬದಲಿಸಿ ಕೊಟ್ಟರು. ಮರಳಿ ಕೂರಿಸುವಾಗ ಗಮನಿಸಬೇಕಾದದ್ದು ಮೂರು. ಇಂಜೆಕ್ಟರ್‌ನ ಬುಡದ ತಾಮ್ರದ ವಾಷರ್ ಪ್ರತಿ ಸಲವೂ ಹೊಸದಾಗಿರಬೇಕು. ಅದು ಕೂರುವ ಜಾಗದ ಮಸಿಯನ್ನು, ಒಳಗೆ ಒಂದು ಚೂರೂ ಬೀಳದಂತೆ ರಂಧ್ರಕ್ಕೆ ಬಟ್ಟೆ ತುರುಕಿ, ಪೂರ್ತಿ ತೆಗೆದಿರಬೇಕು. ಇಲ್ಲದಿದ್ದರೆ ಉರಿದ ಗಾಳಿ ಪಕ್ಕದಿಂದ ನುಗ್ಗಿ ಟಾರಿನಂಥ ಕರಿ ಗಡ್ಡೆ ಕಟ್ಟುತ್ತದೆ, ಮುಂದಿನ ಸಲ ಇಂಜೆಕ್ಟರ್ ಮೇಲೇಳುವುದೇ ಇಲ್ಲ. ಮೂರನೆಯದು, ಬೆಂಚಿನಲ್ಲಿ ಕೊಟ್ಟ ತಿದ್ದುಪಡಿ ಸಂಕೇತವನ್ನು ಸ್ಕ್ಯಾನರ್‌ನ ಮೂಲಕ ಇಂಜಿನ್ನಿನ ಕಂಪ್ಯೂಟರಿಗೆ ಬರೆಯುವುದು. ಒಂದೊಂದು ಇಂಜೆಕ್ಟರೂ ಹದದಲ್ಲಿ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ, ಆ ವ್ಯತ್ಯಾಸವನ್ನು ತಿಳಿಸುವುದೇ ಆ ಸಂಕೇತ.

ಮರುದಿನ ಬೆಳಗ್ಗೆ ಕಾರು ಹೊಸದರಂತೆ ಸ್ಟಾರ್ಟ್ ಆಯಿತು. ಕಿಟ್ ಹಾಕಿ ನೋಡಿದರೆ ಮೂರನೆಯದು 20. ಪಿ 0087 ಮತ್ತೆ ಬರಲಿಲ್ಲ. ಕೆಟ್ಟಿದೆಯೆಂದು ಮೊದಲೇ ತೀರ್ಪಿಗೆ ಗುರಿಯಾಗಿದ್ದ ಪಂಪನ್ನು ಯಾರೂ ಮುಟ್ಟದೆಯೇ ಒತ್ತಡ ಒಂದೇ ಸೆಕೆಂಡಿನಲ್ಲಿ ಮೇಲೇರತೊಡಗಿತು. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ನಾಣ್ಯಗಳ ಕಿಣಿಕಿಣಿ ಮೊದಲಿನಂತೆಯೇ ಇತ್ತು, ಏರಿನಲ್ಲಿ ಕಪ್ಪು ಹೊಗೆಯೂ ಇತ್ತು.

ಕಿಟ್‌ನ ಮಿತಿ ನನಗೆ ಅರ್ಥವಾದದ್ದು ಇಲ್ಲಿ. ಅದು ಇಂಜೆಕ್ಟರ್‌ನ ಮೇಲಿನ ದಾರಿಯಿಂದ ಎಷ್ಟು ಹಿಂದಕ್ಕೆ ಹೋಯಿತು ಎಂಬುದನ್ನು ಅಳೆಯುತ್ತದೆ. ಕೆಳಗಿನ ದಾರಿಯಿಂದ ಸಿಲಿಂಡರಿನೊಳಗೆ ಎಷ್ಟು ಹೋಯಿತು, ಮಂಜಿನಂತೆ ಹೋಯಿತೋ ಹನಿಯಾಗಿ ಹೋಯಿತೋ ಎಂಬುದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು. ಐಡಲ್‌ನಲ್ಲಿ ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಎಷ್ಟು ವೇಗ ಪಡೆಯಿತೆಂದು ಕಂಪ್ಯೂಟರ್ ಗಮನಿಸಿ, ಬಲ ಸಾಲದ ಸಿಲಿಂಡರಿಗೆ ಡೀಸೆಲ್ ಕೂಡಿಸುತ್ತದೆ, ಬಲ ಹೆಚ್ಚಾದದ್ದಕ್ಕೆ ಕಳೆಯುತ್ತದೆ. ಆ ತಿದ್ದುಪಡಿಯ ಅಂಕಿಗಳನ್ನು ಸ್ಕ್ಯಾನರ್ ತೋರಿಸುತ್ತದೆ. ನನ್ನ ಕಾರಿನಲ್ಲಿ ಒಂದನೆಯದಕ್ಕೆ 0.8, ಮೂರನೆಯದಕ್ಕೆ 1.0, ನಾಲ್ಕನೆಯದಕ್ಕೆ 0.8 ಮಿಲಿಗ್ರಾಂ ಕೂಡಿಸಲಾಗುತ್ತಿತ್ತು, ಎರಡನೆಯದಕ್ಕೆ 2.6 ಮಿಲಿಗ್ರಾಂ ಕಳೆಯಲಾಗುತ್ತಿತ್ತು. ಐಡಲ್‌ನಲ್ಲಿ ಒಂದು ಸಲಕ್ಕೆ ಸಿಂಪಡಿಸುವುದೇ ಏಳೆಂಟು ಮಿಲಿಗ್ರಾಂ ಇರುವಾಗ ಇದು ಸಣ್ಣ ಕಳೆತವಲ್ಲ. ರಿಟರ್ನ್ ಪರೀಕ್ಷೆಯಲ್ಲಿ 19 ಮಿಲಿಲೀಟರ್ ತೋರಿಸಿ ಸಭ್ಯನಂತೆ ಕೂತಿದ್ದ ಎರಡನೆಯ ಇಂಜೆಕ್ಟರ್ ಸಿಲಿಂಡರಿನೊಳಗೆ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತಿತ್ತು.

ಇಷ್ಟಾದ ಮೇಲೂ ಇಂಜೆಕ್ಟರ್‌ನದೇ ತಪ್ಪೆಂದು ಹೇಳಲು ಬರುವುದಿಲ್ಲ. ಸಿಲಿಂಡರ್‌ಗಳ ಕಂಪ್ರೆಶನ್ ಒಂದಕ್ಕೊಂದು ಹೊಂದದಿದ್ದರೂ ಅಂಕಿಗಳು ಏರುಪೇರಾಗುತ್ತವೆ. ಇದನ್ನು ಬಿಡಿಸುವ ಸರಳ ಉಪಾಯವೆಂದರೆ ಸಂಶಯಿತ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಸಂಕೇತಗಳನ್ನೂ ಅದಲು ಬದಲು ಮಾಡಿ, ದೋಷ ಇಂಜೆಕ್ಟರ್‌ನ ಬೆನ್ನು ಹಿಡಿದು ಹೋಗುತ್ತದೆಯೋ ಸಿಲಿಂಡರಿನಲ್ಲೇ ಉಳಿಯುತ್ತದೆಯೋ ಎಂದು ನೋಡುವುದು. ಒಂದನೆಯದನ್ನೂ ಎರಡನೆಯದನ್ನೂ ಅದಲು ಬದಲು ಮಾಡಿದಾಗ ಕಳೆತ ಒಂದನೆಯ ಸಿಲಿಂಡರಿಗೆ ಹೋಯಿತು. ಬೆಂಚಿನ ಮೇಲೆ ಇಟ್ಟಾಗ ಕಾರಣ ಕಣ್ಣೆದುರೇ ಕಂಡಿತು: ಸಿಂಪಡಣೆ ನಿಂತ ಮೇಲೂ ನಾಜಲ್‌ನ ತುದಿಯಲ್ಲಿ ಒಂದು ದಪ್ಪ ಹನಿ ಊದಿ, ಒಂದು ಗಳಿಗೆ ತೂಗಿ, ಬೀಳುತ್ತಿತ್ತು. ಆ ಹನಿ ಸರಿಯಾಗಿ ಉರಿಯಲಾರದೆ ಮಸಿಯಾಗುತ್ತದೆ. ಏರಿನ ಕಪ್ಪು ಹೊಗೆಗೆ ಅದೇ ಮುಖ್ಯ ಮೂಲ. ನಾಜಲ್ ಬದಲಾಯಿತು. ಅದೇ ಸಂದರ್ಭದಲ್ಲಿ, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವನ್ನೂ ಅದರ ಪೈಪನ್ನೂ ಬಿಚ್ಚಿ ಬೆರಳು ದಪ್ಪದ ಮಸಿಯನ್ನು ಕೆರೆದು ತೆಗೆದೆ. ಗಾಳಿಯ ದಾರಿ ಕಿರಿದಾಗಿದ್ದದ್ದೂ ಹೊಗೆಗೆ ತನ್ನ ಪಾಲು ಸೇರಿಸಿತ್ತು. ಈಗ ನಾಲ್ಕೂ ತಿದ್ದುಪಡಿ ಅಂಕಿಗಳು ಸೊನ್ನೆಯ ಆಚೀಚೆ 0.4ರೊಳಗಿವೆ, ಮತ್ತು ಗುಂಡಿಯಲ್ಲಿ ನಾಣ್ಯ ಇರುವುದು ಹಣ ಬೇಕಾದಾಗ ಮಾತ್ರ ನೆನಪಾಗುತ್ತದೆ.

ಹಾಗಾದರೆ ಲೆಕ್ಕ ಹೀಗಾಯಿತು: ನಾಲ್ಕು ಇಂಜೆಕ್ಟರ್ ಮತ್ತು ಒಂದು ಪಂಪ್ ಎಂದವರ ಮಾತಿನಲ್ಲಿ ಎರಡು ಇಂಜೆಕ್ಟರ್‌ನಷ್ಟು ನಿಜವಿತ್ತು. ಅದರಲ್ಲಿ ಒಂದನ್ನು ಕಿಟ್ ಹಿಡಿದುಕೊಟ್ಟಿತು, ಇನ್ನೊಂದನ್ನು ಹಿಡಿಯಲಿಲ್ಲ, ಹಿಡಿಯುವುದು ಅದರ ಕೆಲಸವೂ ಆಗಿರಲಿಲ್ಲ. ತಿದ್ದುಪಡಿ ಅಂಕಿ ತೋರಿಸುವ ಸ್ಕ್ಯಾನರ್ ಜತೆಗಿಲ್ಲದೆ ಈ ಕಿಟ್ ಒಂದನ್ನೇ ಕೊಳ್ಳುವಂತೆ ನಾನು ಯಾರಿಗೂ ಹೇಳುವುದಿಲ್ಲ. ಎರಡೂ ಇದ್ದರೆ, ಒಂದು ಇಂಜೆಕ್ಟರನ್ನು ಅನಗತ್ಯವಾಗಿ ಬದಲಿಸುವುದು ತಪ್ಪಿದರೂ ಎರಡರ ಬೆಲೆಯೂ ಹುಟ್ಟುತ್ತದೆ.

ಕೊಳ್ಳಬಾರದವರೂ ಇದ್ದಾರೆ. ಸೊಲೆನಾಯ್ಡ್ ಬದಲು ವಿದ್ಯುತ್ತಿಗೆ ಹಿಗ್ಗುವ ಹರಳುಗಳಿಂದ ಕೆಲಸ ಮಾಡುವ ಪೀಜೋ ಇಂಜೆಕ್ಟರ್‌ಗಳಿರುವ ಹಲವು ಇಂಜಿನ್ನುಗಳಲ್ಲಿ ರಿಟರ್ನ್ ಪೈಪಿನಲ್ಲಿಯೇ ಸುಮಾರು 10 ಬಾರ್ ಒತ್ತಡ ಇದ್ದರೆ ಮಾತ್ರ ಇಂಜೆಕ್ಟರ್ ಕೆಲಸ ಮಾಡುತ್ತದೆ. ಅಲ್ಲಿ ಪೈಪ್ ಕಿತ್ತು ತೆರೆದ ನಳಿಕೆಗೆ ಬಿಟ್ಟರೆ ಇಂಜಿನ್ ನಿಂತುಹೋಗುತ್ತದೆ ಅಥವಾ ಅಳತೆ ಸುಳ್ಳಾಗುತ್ತದೆ. ಸೂಚನೆಯ ಹಾಳೆಯಲ್ಲಿ ಈ ಎಚ್ಚರಿಕೆ ಇಲ್ಲದಿರುವುದನ್ನು ನಾನು ಈ ಕಿಟ್‌ನ ಅತಿ ದೊಡ್ಡ ದೋಷವೆಂದು ಎಣಿಸುತ್ತೇನೆ. ಕಾಮನ್ ರೈಲ್‌ಗಿಂತ ಹಿಂದಿನ, ಮೆಕ್ಯಾನಿಕಲ್ ಪಂಪ್ ಇರುವ ಇಂಜಿನ್ನುಗಳಿಗೂ ಇದರಿಂದ ಉಪಯೋಗವಿಲ್ಲ. ಅಂಥ ಇಂಜಿನ್ನುಗಳಲ್ಲಿ ಹಳೆಯ ಮೆಕ್ಯಾನಿಕ್‌ಗಳು ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರ್ ಪೈಪಿನ ನಟ್ಟನ್ನು ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಶಬ್ದ ಬದಲಾಗಲಿಲ್ಲವೋ ಅದೇ ಮಿಸ್ಸಿಂಗ್ (ಸರಿಯಾಗಿ ಉರಿಯದ) ಸಿಲಿಂಡರ್ ಎಂದು ಕಂಡುಹಿಡಿಯುತ್ತಿದ್ದರು. ಆ ಅಭ್ಯಾಸವನ್ನು ಕಾಮನ್ ರೈಲ್ ಇಂಜಿನ್ನಿನ ಮೇಲೆ ಎಂದಿಗೂ ತರಬಾರದು: ಐಡಲ್‌ನಲ್ಲಿಯೇ ಅಲ್ಲಿ 250–300 ಬಾರ್ ಇರುತ್ತದೆ, ವೇಗದಲ್ಲಿ ಸಾವಿರವನ್ನು ದಾಟುತ್ತದೆ, ಆ ಒತ್ತಡದ ಎಳೆ ಚರ್ಮವನ್ನು ತೂತು ಮಾಡಿ ಒಳಗೆ ಹೋಗುತ್ತದೆ. ಕಿಟ್ ಜೋಡಿಸುವುದು ಒತ್ತಡವಿಲ್ಲದ ರಿಟರ್ನ್ ಬದಿಗೆ ಎಂಬುದೇ ಇದನ್ನು ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯನ್ನಾಗಿಸಿರುವುದು.

ಬಾಳಿಕೆಯ ಮಾತು ಹೇಳುವುದಾದರೆ, ಎಂಟು ತಿಂಗಳಲ್ಲಿ ಹೋಸ್‌ಗಳು ಡೀಸೆಲ್ ಹೀರಿ ಹಳದಿಯಾಗಿ ಬಿರುಸಾಗಿವೆ, ಅಡಾಪ್ಟರ್‌ಗಳಲ್ಲಿ ಎರಡರ ಕ್ಲಿಪ್ ಮುರಿದಿದೆ. ಬಳಸಿದ ಕೂಡಲೇ ಒರೆಸಿ ಒಣಗಿಸದೆ ಪೆಟ್ಟಿಗೆಗೆ ತುಂಬಿದ್ದು ನನ್ನ ಸೋಮಾರಿತನ. ನಳಿಕೆಗಳು ಮಾತ್ರ ಮೊದಲಿನಂತೆಯೇ ಇವೆ, ತಪ್ಪು ಗೆರೆಯದೂ ಸೇರಿ.

ಕಳೆದ ತಿಂಗಳು ಗೆಳೆಯರೊಬ್ಬರು ಇದೇ ಬಗೆಯ ದೂರು ಹೊತ್ತು ತಮ್ಮ ಕಾರನ್ನು ತಂದರು: ತಡವಾಗಿ ಸ್ಟಾರ್ಟ್, ಬೆಳಗ್ಗೆ ನಡುಕ, ಬಿಳಿ ಹೊಗೆ, ಅದೇ ಪಿ 0087. ಇಂಜೆಕ್ಟರ್ ಹೋಗಿರಬೇಕೆಂದು ಅವರು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಕಿಟ್ ಹಾಕಿ ಮೂರು ನಿಮಿಷ ಓಡಿಸಿದರೆ 14, 15, 14, 16. ನಾಲ್ಕೂ ಒಂದೇ ತೂಕ. ಹಾಗಾಗಿ ಇಂಜೆಕ್ಟರ್‌ನ ಕಡೆ ಬಿಟ್ಟು ಟ್ಯಾಂಕಿನ ಕಡೆ ನೋಡಿದೆವು. ಫಿಲ್ಟರ್‌ನಿಂದ ಪಂಪಿಗೆ ಹೋಗುವ ಕರಿಯ ಪೈಪಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಸೇರಿಸಿ ಸೆಲ್ಫ್ ಹೊಡೆದಾಗ, ಡೀಸೆಲ್‌ನ ಜತೆ ಮುತ್ತಿನ ಸರದಂತೆ ಗಾಳಿಗುಳ್ಳೆಗಳು ಸಾಗತೊಡಗಿದವು. ಹಿಂದಿನ ಸರ್ವಿಸ್‌ನಲ್ಲಿ ಫಿಲ್ಟರ್ ಬದಲಿಸಿದವರು ಮುಚ್ಚಳದ ರಬ್ಬರ್ ರಿಂಗನ್ನು ಮಡಚಿಯೇ ಕೂರಿಸಿದ್ದರು; ರಾತ್ರಿಯಿಡೀ ಅಲ್ಲಿಂದ ಗಾಳಿ ಸೇರಿ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತಿತ್ತು. ಹೊಸ ರಿಂಗ್ ಹಾಕಿ, ಪ್ರೈಮ್ ಮಾಡಿ (ಪೈಪಿನ ಗಾಳಿ ಹೊರಹಾಕಿ ಡೀಸೆಲ್ ತುಂಬಿಸಿ), ಕಾರನ್ನು ಅಲ್ಲೇ ಬಿಟ್ಟು ಹೋದವರು ಮರುದಿನ ಬೆಳಗ್ಗೆ ಬಂದು ಬೀಗದ ಕೈ ತಿರುಗಿಸಿದಾಗ ಅರ್ಧ ಸುತ್ತಿಗೇ ಇಂಜಿನ್ ಹಿಡಿಯಿತು. ಆ ಗೇಣುದ್ದದ ಹೋಸ್ ತುಂಡನ್ನು ತೊಳೆದು ಈಗ ಕಿಟ್‌ನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.